ತಾಯಿಯನ್ನು ಕಳೆದುಕೊಂಡ ಸಂಕೋಚದ ಮಗು: ಒಬ್ಬಂಟಿಯಾಗಿ ಬೆಳೆಸುವ ತಂದೆ ಮಾಡಬಹುದಾದದ್ದು

ಪತ್ನಿಯ ಮರಣದ ನಂತರ ಚಿಕ್ಕ ಮಗುವೊಂದನ್ನು ಒಬ್ಬನೇ ಬೆಳೆಸುತ್ತಿರುವ ತಂದೆಗೆ, ಆ ಮಗು ಯಾರೊಂದಿಗೂ ಬೆರೆಯುವುದಿಲ್ಲ ಎಂಬ ಚಿಂತೆ ಹತ್ತಿದಾಗ, ಮೊದಲು ನೆನಪಿಸಿಕೊಳ್ಳಬೇಕಾದದ್ದು ಈ ಸಂಕೋಚ ಯಾವಾಗಿನಿಂದ ಇದೆ ಎಂಬುದನ್ನು. ತಾಯಿ ಬದುಕಿದ್ದಾಗಲೂ ಹೊಸಬರನ್ನು ಕಂಡರೆ ಹಿಂದೆ ಸರಿಯುತ್ತಿದ್ದ ಮಗುವಿನ ವಿಷಯದಲ್ಲಿ ಅದು ಬಹುಮಟ್ಟಿಗೆ ಹುಟ್ಟುಸ್ವಭಾವ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿ ದಶಕಗಳ ಕಾಲ ನಡೆಸಿದ ಅಧ್ಯಯನದಲ್ಲಿ, ಸುಮಾರು ಶೇ. 15ರಷ್ಟು ಮಕ್ಕಳು ಹೊಸ ಸಂದರ್ಭಗಳಿಗೆ ನಿಧಾನವಾಗಿ ಹೊಂದಿಕೊಳ್ಳುವ ಗುಂಪಿಗೆ ಸೇರಿದ್ದರು. ಅದು ಕಾಯಿಲೆಯಲ್ಲ, ಆದ್ದರಿಂದ ಗುಣಪಡಿಸಬೇಕಾದದ್ದೂ ಅಲ್ಲ. ಮೊದಲು ಅರಳುಹುರಿದಂತೆ ಮಾತನಾಡುತ್ತಿದ್ದ ಮಗು ಸಾವಿನ ನಂತರ ಮೌನವಾಗಿದ್ದರೆ ಅದು ದುಃಖದ ಲಕ್ಷಣ. ಅನೇಕ ಮಕ್ಕಳಲ್ಲಿ ಇವೆರಡೂ ಬೆರೆತಿರುತ್ತವೆ.

ಸಂಕೋಚದ ಮಕ್ಕಳು ಮಾತು ಕಡಿಮೆ ಆಡಿದರೂ ಸುತ್ತಲಿನದನ್ನು ಗಮನಿಸುವುದರಲ್ಲಿ ಹಿಂದೆ ಬೀಳುವುದಿಲ್ಲ. ಅಮ್ಮನ ವಿಷಯ ಬಂದ ಕೂಡಲೇ ಅಪ್ಪನ ಮುಖ ಬಾಡುತ್ತದೆ ಎಂಬುದನ್ನು ಎರಡು ಸಲ ಕಂಡ ಮಗು ಮೂರನೆಯ ಸಲ ಆ ಪ್ರಶ್ನೆಯನ್ನು ನುಂಗಿಕೊಳ್ಳುತ್ತದೆ. ಮಗು ಕೇಳುವುದಿಲ್ಲವಾದ್ದರಿಂದ ಮರೆಯುತ್ತಿದೆ ಎಂದು ತಂದೆ ಸಮಾಧಾನಪಟ್ಟುಕೊಳ್ಳುತ್ತಾನೆ. ತಂದೆ ಹೇಳುವುದಿಲ್ಲವಾದ್ದರಿಂದ ಅದು ಹೇಳಬಾರದ ವಿಷಯ ಎಂದು ಮಗು ತಿಳಿಯುತ್ತದೆ. ಹಾಗಾಗಿ ಮಗುವನ್ನು ಹೊರಗಿನವರೊಂದಿಗೆ ಮಾತನಾಡಿಸುವ ಪ್ರಯತ್ನಕ್ಕೆ ಮೊದಲು ಮನೆಯೊಳಗಿನ ಈ ಮೌನವನ್ನು ಮುರಿಯಬೇಕು, ಮತ್ತು ಅದನ್ನು ಮುರಿಯಬೇಕಾದವನು ತಂದೆಯೇ. ಇದಕ್ಕಾಗಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ಮಾತನಾಡುವುದು ಸರಿಯಾದ ವಿಧಾನವಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದ ಪ್ರಶ್ನೆ ಇಂಥ ಮಗುವಿಗೆ ಪರೀಕ್ಷೆಯಂತೆ ತೋರುತ್ತದೆ. ಬಟ್ಟೆ ಮಡಚುವಾಗ, ನಡೆಯುವಾಗ, ಪಕ್ಕದಲ್ಲಿ ಕುಳಿತು ಚಿತ್ರ ಬಿಡಿಸುವಾಗ, "ಈ ಬಣ್ಣವೆಂದರೆ ಅಮ್ಮನಿಗೆ ಇಷ್ಟವಾಗಿತ್ತು" ಎಂದು ಹೇಳಿ, ಉತ್ತರವನ್ನು ನಿರೀಕ್ಷಿಸದೆ ಕೆಲಸ ಮುಂದುವರಿಸಿದರೆ ಸಾಕು. ಅಂದು ಉತ್ತರ ಬರದೇ ಇರಬಹುದು.

ಸಾವಿನ ಬಗ್ಗೆ ನೇರವಾದ ಪದಗಳನ್ನೇ ಬಳಸಬೇಕು. "ಅಮ್ಮ ಮಲಗಿದ್ದಾಳೆ" ಎಂದರೆ ಮಗುವಿಗೆ ನಿದ್ದೆಯೇ ಭಯವಾಗಬಹುದು. "ದೂರ ಹೋಗಿದ್ದಾಳೆ" ಎಂದರೆ ಅದು ಬಾಗಿಲು ಕಾಯುತ್ತದೆ. "ಅಮ್ಮ ಸತ್ತುಹೋದಳು, ಅವಳ ದೇಹ ಕೆಲಸ ಮಾಡುವುದನ್ನು ನಿಲ್ಲಿಸಿತು, ಅವಳು ಮರಳಿ ಬರುವುದಿಲ್ಲ" ಎಂಬ ಮಾತು ಕೇಳಲು ಕಠಿಣವಾದರೂ ಮಗುವನ್ನು ಗೊಂದಲಕ್ಕೆ ತಳ್ಳುವುದಿಲ್ಲ. ಸಾವು ಹಿಂತಿರುಗಿಸಲಾಗದ್ದು ಎಂಬ ತಿಳಿವಳಿಕೆ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಗಟ್ಟಿಯಾಗುವುದರಿಂದ, ಅದಕ್ಕಿಂತ ಚಿಕ್ಕ ಮಗು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಬೇಸರಿಸದೆ ಅದೇ ಉತ್ತರವನ್ನು ಕೊಡಬೇಕು. ತಾನು ಹಟ ಮಾಡಿದ್ದರಿಂದಲೇ ಅಮ್ಮ ಸತ್ತಳು ಎಂದು ಒಳಗೊಳಗೇ ನಂಬಿಕೊಂಡಿರುವ ಮಕ್ಕಳೂ ಇರುತ್ತಾರೆ. ಸಂಕೋಚದ ಮಗು ಇದನ್ನು ಬಾಯಿಬಿಟ್ಟು ಹೇಳುವ ಸಂಭವ ಕಡಿಮೆಯಾದ್ದರಿಂದ, ಕೇಳುವವರೆಗೆ ಕಾಯದೆ, "ನೀನು ಮಾಡಿದ್ದರಿಂದಾಗಲೀ ಆಡಿದ್ದರಿಂದಾಗಲೀ ಹೀಗಾಗಲಿಲ್ಲ" ಎಂದು ತಂದೆಯೇ ಹೇಳಿಬಿಡುವುದು ಒಳ್ಳೆಯದು. ಅತ್ತ ಮಗು ಐದು ನಿಮಿಷದಲ್ಲಿ ಆಟಕ್ಕೆ ಓಡಿದರೆ ಅಚ್ಚರಿಪಡಬೇಕಿಲ್ಲ. ಚಿಕ್ಕವರ ದುಃಖ ಬಿಟ್ಟುಬಿಟ್ಟು ಬರುತ್ತದೆ. ತಂದೆ ಅತ್ತರೂ ತಪ್ಪಿಲ್ಲ, ಆದರೆ ಏಕೆ ಅಳುತ್ತಿದ್ದೇನೆಂದು ತಿಳಿಸಬೇಕು ಮತ್ತು ತನ್ನನ್ನು ಸಂತೈಸುವ ಹೊಣೆಯನ್ನು ಮಗುವಿನ ಮೇಲೆ ಹಾಕಬಾರದು.

ಇನ್ನು ಹೊರಗಿನವರ ವಿಷಯ. ಯಾರಾದರೂ ಹೆಸರು ಕೇಳಿದರೆ, ಮಗು ಬಾಯಿ ತೆರೆಯುವ ಮೊದಲೇ ಉತ್ತರಿಸುವ ಅಭ್ಯಾಸ ಒಬ್ಬಂಟಿ ತಂದೆಯಲ್ಲಿ ಬಲು ಬೇಗ ಬೆಳೆಯುತ್ತದೆ, ಏಕೆಂದರೆ ಮುಜುಗರದ ಆ ಕ್ಷಣವನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರಿಲ್ಲ. ಉತ್ತರಿಸುವ ಬದಲು ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದೇ ಸೆಕೆಂಡ್ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರ ಸಂಶೋಧನೆ ತೋರಿಸಿತ್ತು. ಎಣಿಸಿದ ಮೇಲೂ ಮಗು ಮಾತನಾಡದಿದ್ದರೆ, ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಯೊಂದನ್ನು ಕೇಳಬಹುದು. ಅದಕ್ಕೂ ಪ್ರತಿಕ್ರಿಯೆ ಬಾರದಿದ್ದರೆ "ಆಮೇಲೆ ಮಾತನಾಡುತ್ತಾಳೆ" ಎಂದು ಹೇಳಿ ಅಲ್ಲಿಗೆ ಬಿಡಬೇಕು. "ಇವಳಿಗೆ ತುಂಬಾ ನಾಚಿಕೆ" ಎಂದು ಮಗುವಿನ ಎದುರೇ ಹೇಳುವುದು ಬೇಡ. ಮಗು ಅದನ್ನೇ ತನ್ನ ಗುರುತೆಂದು ಒಪ್ಪಿಕೊಂಡುಬಿಡುತ್ತದೆ. ಅದಕ್ಕಿಂತಲೂ ಕೆಟ್ಟದ್ದು, "ತಾಯಿಯಿಲ್ಲದ ಮಗು, ಪಾಪ" ಎಂಬ ಬಂಧುಗಳ ಉದ್ಗಾರ. ಹಾಗೆ ಹೇಳಬೇಡಿರೆಂದು ಮುಂಚಿತವಾಗಿ, ಖಾಸಗಿಯಾಗಿ ತಿಳಿಸುವುದು ಒರಟುತನವೇನಲ್ಲ. ಮಗು ಧೈರ್ಯಮಾಡಿ ಮಾತನಾಡಿದಾಗಲೂ ಎಲ್ಲರೆದುರು ಹೊಗಳದೆ, ಮನೆಗೆ ಬಂದ ಮೇಲೆ ಒಂದು ಮಾತು ಹೇಳುವುದು ಮೇಲು.

ಕೂಟಗಳಿಗೆ ಎಲ್ಲರಿಗಿಂತ ಮೊದಲು ಹೋದರೆ ಮಗು ತುಂಬಿದ ಕೋಣೆಯನ್ನು ಒಮ್ಮೆಗೇ ಎದುರಿಸಬೇಕಾಗುವುದಿಲ್ಲ. ಆಟಕ್ಕೆ ಒಂದೇ ಮಗುವನ್ನು ಮನೆಗೆ ಕರೆದು, ಕೈಗೆ ಕೆಲಸ ಕೊಡುವ ಆಟವನ್ನು ಮುಂದಿಟ್ಟು, ದಣಿಯುವ ಮೊದಲೇ ಮುಗಿಸುವುದು ಜಾಣತನ.

ಬಿಟ್ಟುಹೋಗುವ ಸಮಯಕ್ಕೆ ಹೆಚ್ಚು ಗಮನ ಬೇಕು. ಹೋದವರು ಬರದೇ ಇರಬಹುದು ಎಂಬುದು ಈ ಮಗುವಿನ ಪಾಲಿಗೆ ಕಲ್ಪನೆಯಲ್ಲ, ಕಂಡ ಸತ್ಯ. ಆದ್ದರಿಂದ ಮಗು ಆಟದಲ್ಲಿ ಮೈಮರೆತಾಗ ಸದ್ದಿಲ್ಲದೆ ಜಾರಿಕೊಳ್ಳಬಾರದು; ಅಂದಿನ ಅಳು ತಪ್ಪಿದರೂ ಮರುದಿನದಿಂದ ಮಗು ಅಪ್ಪನನ್ನು ಕಣ್ಣಿನಿಂದ ಬಿಡುವುದಿಲ್ಲ. ಚುಟುಕಾಗಿ ಹೇಳಿ ಹೊರಡಬೇಕು, ಬರುವ ಹೊತ್ತನ್ನು ಗಡಿಯಾರದ ಲೆಕ್ಕದಲ್ಲಲ್ಲದೆ "ಊಟವಾಗಿ, ಕತೆ ಮುಗಿದ ಮೇಲೆ" ಎಂದು ಮಗುವಿನ ದಿನಚರಿಯಲ್ಲೇ ತಿಳಿಸಬೇಕು, ತಡವಾಗುವುದಾದರೆ ಫೋನ್ ಮಾಡಿ ಮಗುವಿಗೇ ಹೇಳಬೇಕು. "ನೀನೂ ಸಾಯುತ್ತೀಯಾ?" ಎಂದು ಕೇಳಿದರೆ ಎಂದಿಗೂ ಇಲ್ಲವೆಂಬ ಭರವಸೆ ಕೊಡದೆ, ಹೆಚ್ಚಿನವರು ಬಹಳ ವರ್ಷ ಬದುಕುತ್ತಾರೆಂದೂ, ತನಗೇನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆಂದೂ ಹೇಳಬೇಕು. ಆ ಉತ್ತರ ನಿಜವಾಗಬೇಕಾದರೆ ಮಗು ನಂಬುವ ಇನ್ನೊಬ್ಬಿಬ್ಬರು ದೊಡ್ಡವರು ಈಗಿನಿಂದಲೇ ಅದರ ಬದುಕಿನಲ್ಲಿ ನಿಯಮಿತವಾಗಿ ಇರಬೇಕಾಗುತ್ತದೆ.

ಮನೆಯಲ್ಲಿ ಸಲೀಸಾಗಿ ಮಾತನಾಡುವ ಮಗು ಶಾಲೆಯಲ್ಲಿ, ಸೇರಿದ ಮೊದಲ ತಿಂಗಳು ಕಳೆದ ಮೇಲೂ, ಒಂದು ತಿಂಗಳಿಗಿಂತ ಹೆಚ್ಚು ಕಾಲ ಮಾತೇ ಆಡದಿದ್ದರೆ ಅದು ಆಯ್ದ ಮೂಕತನ ಎಂಬ ಆತಂಕದ ಸಮಸ್ಯೆಯಾಗಿರಬಹುದು. ಅದು ಹಟವಲ್ಲ, ಒತ್ತಾಯಿಸಿದರೆ ಹೆಚ್ಚಾಗುತ್ತದೆ, ಹಂತಹಂತವಾದ ವರ್ತನಾ ಚಿಕಿತ್ಸೆಯಿಂದ ಸುಧಾರಿಸುತ್ತದೆ. ನಿದ್ದೆ, ಊಟ ಬಹುಕಾಲ ಕೆಟ್ಟಿದ್ದರೆ ಅಥವಾ ತಾನೂ ಅಮ್ಮನ ಬಳಿಗೆ ಹೋಗಬೇಕೆಂದು ಮಗು ಮತ್ತೆ ಮತ್ತೆ ಹೇಳುತ್ತಿದ್ದರೆ ತಡಮಾಡದೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಬೇಕು. ಅಪರಿಚಿತ ಕೋಣೆಯಲ್ಲಿ ಮಗು ಬಾಯಿಬಿಡದೇ ಇರುವ ಸಂಭವವೇ ಹೆಚ್ಚಾದ್ದರಿಂದ, ಮನೆಯಲ್ಲಿ ಅದು ಎಂದಿನಂತೆ ಆಡುವ, ಮಾತನಾಡುವ ಕೆಲವು ನಿಮಿಷಗಳ ವಿಡಿಯೋವನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಹೋದರೆ ಮೊದಲ ಭೇಟಿ ವ್ಯರ್ಥವಾಗುವುದಿಲ್ಲ.