ಅಮೆರಿಕಕ್ಕೆ ಹೊರಟವರಿಗೆ: ಬೋಟು ಕೊಳ್ಳಬೇಕೋ, ಬೋಟ್ ಕ್ಲಬ್ ಸೇರಬೇಕೋ?

ಫ್ಲೋರಿಡಾದ ಟ್ಯಾಂಪಾ ಕಡೆ ಕೆಲಸ ಸಿಕ್ಕಿ ಬೆಂಗಳೂರಿನಿಂದ ಹೊರಡುವವರು ಮೊದಲು ಕೇಳುವುದು ಬಾಡಿಗೆ ಮನೆ, ಮಕ್ಕಳ ಶಾಲೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅನ್ನೋದನ್ನ. ಅಲ್ಲಿ ಆರೇಳು ತಿಂಗಳು ಕಳೆದ ಮೇಲೆ ಪ್ರಶ್ನೆ ಬೇರೆಯಾಗುತ್ತದೆ. ಆಫೀಸಿನ ಗೆಳೆಯರ ಹತ್ತಿರ ಬೋಟಿದೆ, ಎದುರು ಮನೆಯವರ ಹತ್ತಿರವೂ ಇದೆ, ನಾವೂ ಒಂದು ತಗೊಂಡುಬಿಡೋಣವೇ? ಡಿಸೆಂಬರ್‌ನಲ್ಲಿ ನಾನು ಜಯನಗರಕ್ಕೆ ಬಂದಾಗ, ಹೊರಟು ನಿಂತವರು ಈಗೀಗ ಇಲ್ಲೇ ಅದನ್ನು ಕೇಳಲು ಶುರು ಮಾಡಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೀಸಾ ಮೇಲೆ ಇರುವವರೆಗೆ, ಮುಂದಿನ ವರ್ಷ ಯಾವ ಊರಲ್ಲಿರುತ್ತೀರಿ ಅಂತ ಗೊತ್ತಿಲ್ಲದವರೆಗೆ, ಸ್ವಂತ ಬೋಟು ಬೇಡ.

ಬೆಲೆ ನೋಡಿ ಮರುಳಾಗಬೇಡಿ. ಹಳೆಯ ಬೋಟು ಸೆಕೆಂಡ್ ಹ್ಯಾಂಡ್ ಕಾರಿನ ಬೆಲೆಗೇ ಸಿಕ್ಕಿಬಿಡುತ್ತದೆ. ಖರ್ಚು ಶುರುವಾಗುವುದು ಆಮೇಲೆ. ಮೊದಲು, ಅದನ್ನು ಇಡುವುದೆಲ್ಲಿ? ಎಷ್ಟೋ ಬಡಾವಣೆಗಳಲ್ಲಿ ಮನೆ ಮುಂದೆ ಬೋಟು ನಿಲ್ಲಿಸಲು ನಿವಾಸಿಗಳ ಸಂಘವೇ ಬಿಡುವುದಿಲ್ಲ. ಮರೀನಾದಲ್ಲಿ, ಅಂದರೆ ಬೋಟು ನಿಲ್ಲಿಸುವ ಬಂದರಿನಲ್ಲಿ, ಇಟ್ಟರೆ ತಿಂಗಳು ತಿಂಗಳು ಬಾಡಿಗೆ. ಟ್ರೇಲರ್ ಮೇಲೆ ಎಳೆದೊಯ್ಯೋಣ ಅಂದರೆ ನಿಮ್ಮ ಕ್ಯಾಮ್ರಿ ಕಾರು ಎಳೆಯುವುದಿಲ್ಲ, ಅದಕ್ಕೊಂದು ಟ್ರಕ್ ಬೇಕು. ಕೊಳ್ಳುವಾಗ ಶೇಕಡಾ 6 ಮಾರಾಟ ತೆರಿಗೆ, ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ಕಚೇರಿಯಲ್ಲಿ ನೋಂದಣಿ, ವಿಮೆ, ನಡುನೀರಲ್ಲಿ ಕೆಟ್ಟು ನಿಂತರೆ ಎಳೆದು ತರುವವರಿಗೆ ವರ್ಷದ ಚಂದಾ. ಉಪ್ಪುನೀರಿನಲ್ಲಿ ಓಡಿಸಿದ ಪ್ರತಿ ಸಲವೂ ಎಂಜಿನ್ನಿಗೆ ಸಿಹಿನೀರು ಹಾಯಿಸಿ ತೊಳೆಯಬೇಕು. ನೀರಲ್ಲೇ ಬಿಟ್ಟರೆ ತಳಕ್ಕೆ ಚಿಪ್ಪುಹುಳು ಅಂಟುತ್ತದೆ. ಅದನ್ನು ಕೆರೆದು ಬಣ್ಣ ಬಳಿಸಬೇಕು. ಬೋಟಿನ ಬೆಲೆಯ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಈ ಎಲ್ಲ ಖರ್ಚಿಗೆ ಹೋಗುತ್ತದೆ ಅನ್ನುವುದು ಬೋಟು ಇಟ್ಟವರ ಅಂದಾಜು. ಹಳೆಯ ಬೋಟಾದರೆ ಅದಕ್ಕಿಂತ ಜಾಸ್ತಿಯೂ ಆಗಬಹುದು.

ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಚಂಡಮಾರುತದ ಎಚ್ಚರಿಕೆ ಬಂದ ದಿನ ಮನೆ ಕಿಟಕಿಗೆ ಹಲಗೆ ಹೊಡೆಯಬೇಕು, ಪೆಟ್ರೋಲಿಗೆ ಕ್ಯೂ ನಿಲ್ಲಬೇಕು, ಮಕ್ಕಳನ್ನು ಕರೆದುಕೊಂಡು ಊರು ಬಿಡಬೇಕು. ಅದರ ನಡುವೆ ಬೋಟನ್ನೂ ನೀರಿನಿಂದ ತೆಗೆಸಿ ಕಟ್ಟಿ ಹಾಕಬೇಕು. ಊರಿಗೆ ಹೊಸಬರಾದವರಿಗೆ ಈ ತಲೆನೋವು ಯಾಕೆ?

ಇನ್ನು ಕ್ಲಬ್. ನಮ್ಮ ಸೆಂಚುರಿ ಕ್ಲಬ್ ಥರ ಊಟ, ಇಸ್ಪೀಟು, ಹರಟೆ ಅಂದುಕೊಂಡು ಹೋಗಬೇಡಿ. ಇದು ಹೆಚ್ಚುಕಡಿಮೆ ಝೂಮ್‌ಕಾರ್ ಇದ್ದಂತೆ. ಆ್ಯಪ್‌ನಲ್ಲಿ ಬುಕ್ ಮಾಡುತ್ತೀರಿ, ತೊಳೆದಿಟ್ಟ ಬೋಟು ಡಾಕ್‌ನಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ನಿಂತಿರುತ್ತದೆ, ಓಡಿಸಿ ತಂದು ಕೀಲಿ ಕೊಟ್ಟು ಮನೆಗೆ ಬರುತ್ತೀರಿ. ಇವುಗಳಲ್ಲಿ ದೊಡ್ಡದಾದ ಫ್ರೀಡಂ ಬೋಟ್ ಕ್ಲಬ್ ಹುಟ್ಟಿದ್ದು 1989ರಲ್ಲಿ, ಟ್ಯಾಂಪಾಕ್ಕೆ ಹತ್ತಿರದ ಸರಸೋಟಾದಲ್ಲೇ. 2019ರಲ್ಲಿ ಅದನ್ನು ಬ್ರನ್ಸ್‌ವಿಕ್ ಕೊಂಡಿತು. ಬೋಟಿಗೆ ಹಾಕುವ ಮರ್ಕ್ಯುರಿ ಎಂಜಿನ್ ಮಾಡುವ ಕಂಪನಿ ಅದೇ. ಸೇರುವಾಗ ಸಾವಿರಾರು ಡಾಲರ್ ಒಂದೇ ಸಲ ಕಟ್ಟಬೇಕು, ಆಮೇಲೆ ತಿಂಗಳಿಗೆ ಕೆಲವು ನೂರು. ಪೆಟ್ರೋಲ್ ನಿಮ್ಮದೇ. ರಿಪೇರಿ, ನಿಲುಗಡೆ, ಚಂಡಮಾರುತ ಎಲ್ಲ ಅವರ ತಲೆಬಿಸಿ. ಬೋಟು ಓಡಿಸಿ ಗೊತ್ತಿಲ್ಲದವರಿಗೆ ತರಬೇತಿಯನ್ನೂ ಅವರೇ ಕೊಡುತ್ತಾರೆ. ಹಲಸೂರು ಕೆರೆಯಲ್ಲಿ ಪೆಡಲ್ ತುಳಿದದ್ದು ಬಿಟ್ಟರೆ ಬೇರೆ ಅನುಭವ ಇಲ್ಲದ ನಮ್ಮಂಥವರಿಗೆ ಇದೇ ದೊಡ್ಡ ಲಾಭ.

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಶನಿವಾರ, ಭಾನುವಾರ ಎಲ್ಲರಿಗೂ ಬೋಟು ಬೇಕು. ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ 4ರ ವಾರಾಂತ್ಯಕ್ಕೆ ಸಿಕ್ಕರೆ ಪುಣ್ಯ. ಕತ್ತಲಾಗುವ ಮುಂಚೆ ವಾಪಸ್ ತರಬೇಕು, ಇಷ್ಟು ದೂರ ದಾಟಬಾರದು ಅಂತ ನಿಯಮಗಳಿರುತ್ತವೆ. ಒಂದು ಬೋಟಿಗೆ ಎಷ್ಟು ಮೆಂಬರ್‌ಗಳಿದ್ದಾರೆ, ಕಲ್ಲಿಗೆ ತಾಗಿಸಿದರೆ ನಾನೆಷ್ಟು ಕಟ್ಟಬೇಕು, ಕೆಲಸ ಹೋಗಿ ಬೇರೆ ರಾಜ್ಯಕ್ಕೆ ಹೋದರೆ ಒಪ್ಪಂದ ಏನಾಗುತ್ತದೆ? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಮೊದಲು ಕಟ್ಟಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಾರದ ನಡುವೆ ಒಂದು ಮಧ್ಯಾಹ್ನ ರಜೆ ಹಾಕಬಲ್ಲವರಿಗೆ ಕ್ಲಬ್ ಚೆನ್ನ. ಭಾನುವಾರ ಮಾತ್ರ ಬಿಡುವಿರುವವರಿಗೆ ಅಷ್ಟಕ್ಕಷ್ಟೇ.

ಅದಕ್ಕೇ ನಾನು ಹೇಳುವುದು, ಮೊದಲ ವರ್ಷ ಎರಡೂ ಬೇಡ, ದಿನದ ಬಾಡಿಗೆಗೆ ತಗೊಳ್ಳಿ. ಬೋಟ್‌ಸೆಟರ್ ಥರದ ಬೋಟು ಬಾಡಿಗೆ ಆ್ಯಪ್‌ಗಳಲ್ಲಿ ಕ್ಯಾಪ್ಟನ್ ಸಮೇತವೂ ಸಿಗುತ್ತದೆ. ಹೆಂಡತಿಗೆ ತಲೆ ಸುತ್ತುತ್ತದೆಯೋ, ಮಗನಿಗೆ ಅರ್ಧ ಗಂಟೆಗೇ ಬೇಜಾರಾಗುತ್ತದೆಯೋ ಅನ್ನುವುದು ಆಗ ಗೊತ್ತಾಗುತ್ತದೆ.

ನಮ್ಮವರಲ್ಲಿ ಇನ್ನೊಂದು ಐಡಿಯಾ ಆಗಾಗ ಬರುತ್ತದೆ: ನಾಲ್ಕು ಮನೆಯವರು ಸೇರಿ ಒಂದು ಬೋಟು ಕೊಳ್ಳೋಣ ಅಂತ. ಬೇಡ. ನಾಲ್ಕೂ ಮನೆಗೆ ಅದೇ ಶನಿವಾರ ಬೇಕು, ಎಂಜಿನ್ ಕೆಟ್ಟಾಗ ಕೊನೆಗೆ ಓಡಿಸಿದವರು ಯಾರು ಅನ್ನುವ ಪಂಚಾಯಿತಿ ಬೇರೆ. ಸ್ನೇಹ ಉಳಿಯಬೇಕು ಅಲ್ವಾ?

ಸ್ವಂತ ಬೋಟು ಯಾರಿಗೆ ಸರಿ? ಮೀನು ಹಿಡಿಯುವ ಹುಚ್ಚಿದ್ದು ಬೆಳಗಿನ ಜಾವ ಹೊರಡುವವರಿಗೆ, ಕಾಲುವೆ ದಂಡೆಯಲ್ಲಿ ಮನೆ ಕೊಂಡು ಹಿಂದೆ ಡಾಕ್ ಇರುವವರಿಗೆ, ಸ್ಪ್ಯಾನರ್ ಹಿಡಿಯುವುದೇ ಖುಷಿ ಅನ್ನುವವರಿಗೆ. ಅವರಿಗೆ ಕ್ಲಬ್ಬಿನ ನಿಯಮಗಳೇ ಹಿಂಸೆ.

ಊರಿಂದ ಅಪ್ಪ ಅಮ್ಮ ಬರುತ್ತಾರೆ ಅಂತಿದ್ದರೆ ಪಾಂಟೂನ್ ಬೋಟು ಬುಕ್ ಮಾಡಿ. ಸಮತಟ್ಟಾದ ನೆಲ, ಸುತ್ತ ಕಂಬಿ, ಮೇಲೆ ನೆರಳು. ಸೀರೆ ಉಟ್ಟ ಅಮ್ಮ ಆರಾಮಾಗಿ ಕೂತು ಪುಳಿಯೋಗರೆ ಬಡಿಸಬಹುದು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಮಾಮೂಲು. ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ದಡ ಸೇರಿ. ಬೋಟಿಗೆ ಎಷ್ಟು ಜನ ಅಂತ ಬರೆದಿರುತ್ತಾರೋ ಅಷ್ಟೇ. 'ಅಡ್ಜಸ್ಟ್ ಮಾಡ್ಕೊಳ್ಳಿ' ನೀರಿನ ಮೇಲೆ ನಡೆಯುವುದಿಲ್ಲ.

ಹೊರಡುವ ಮುಂಚೆ ಬೆಂಗಳೂರಲ್ಲೇ ಮುಗಿಸಬೇಕಾದ ಕೆಲಸ ಒಂದಿದೆ. ಈಜು ಬರದಿದ್ದರೆ ಬಸವನಗುಡಿ ಅಕ್ವಾಟಿಕ್ ಸೆಂಟರ್‌ಗೋ, ಮನೆ ಹತ್ತಿರದ ಪೂಲಿಗೋ ಸೇರಿಕೊಳ್ಳಿ, ಮಕ್ಕಳನ್ನೂ ಸೇರಿಸಿ. ಅಲ್ಲಿಗೆ ಹೋದ ಮೇಲೆ ಪರೀಕ್ಷೆ ಒಂದಿದೆ. ಫ್ಲೋರಿಡಾದಲ್ಲಿ 1988ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ 10 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ ಇರುವ ಬೋಟು ಓಡಿಸಲು ಸುರಕ್ಷತಾ ಕಾರ್ಡ್ ಬೇಕು. ಸ್ವಂತದ್ದೋ, ಕ್ಲಬ್ಬಿನದ್ದೋ, ಬಾಡಿಗೆಯದ್ದೋ, ಇದು ತಪ್ಪುವುದಿಲ್ಲ. ಆನ್‌ಲೈನ್‌ನಲ್ಲೇ ಓದಿ ಬರೆಯಬಹುದು. 26 ಅಡಿಗಿಂತ ಚಿಕ್ಕ ಬೋಟು ಚಲಿಸುತ್ತಿರುವಾಗ 6 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು. ಬೋಟಿನಲ್ಲಿ ದೊಡ್ಡವರ ಅಳತೆಯದೇ ಜಾಸ್ತಿ ಇರುತ್ತದೆ. ಮಗುವಿನ ತೂಕಕ್ಕೆ ಸರಿಯಾದ ಜಾಕೆಟ್ ಇದೆಯೇ ಅಂತ ಬುಕ್ ಮಾಡುವಾಗಲೇ ಕೇಳಿ.