ಅಣಬೆ ಪುಡಿಗೆ ಎಳೆಬಿಸಿಲು ಸಾಲದು

ಅಣಬೆಯ ಕ್ಯಾಪ್ಸೂಲ್‌ಗೆ ದುಡ್ಡು ಸುರಿಯುವ ಮೊದಲು ತಾರಸಿಯ ಬಿಸಿಲಲ್ಲೇ ಒಂದು ಡಬ್ಬಿ ಪುಡಿ ಮಾಡಿ ನೋಡಿ. ಅಣಬೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಅಂಶವಿದೆ. ಬಿಸಿಲಿನ ಯುವಿ-ಬಿ ಎಂಬ ಅತಿನೇರಳೆ ಕಿರಣ ತಾಗಿದರೆ ಅದು ವಿಟಮಿನ್ ಡಿಯ ಒಂದು ರೂಪವಾದ ಡಿ2 ಆಗುತ್ತದೆ. ಕೋಣೆಯೊಳಗೆ ಬೆಳೆದು ನೇರ ಪ್ಯಾಕೆಟ್ ಸೇರಿದ ಅಣಬೆಯಲ್ಲಿ ಈ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ.

ಗೊತ್ತಿರುವ ಬೆಳೆಗಾರರಿಂದ 200 ಗ್ರಾಂ ತಾಜಾ ಚಿಪ್ಪು ಅಣಬೆ ತನ್ನಿ. ಲೋಳೆಯಾದದ್ದು, ಹುಳಿವಾಸನೆ ಬರುವುದು ಬೇಡ. ನೀರಲ್ಲಿ ನೆನೆಹಾಕದೆ ಬಟ್ಟೆಯಿಂದ ಒರೆಸಿ, ಉದ್ದುದ್ದ ಸೀಳಿ ಮೊರದಲ್ಲಿ ಹರಡಿ. ಟೋಪಿಯ ಅಡಿಯ ಪದರಗಳು ಮೇಲ್ಮುಖವಾಗಿರಲಿ.

ಇಡುವ ಹೊತ್ತು ಮುಖ್ಯ. ಎಳೆಬಿಸಿಲೇ ಒಳ್ಳೆಯದೆಂದು ನಾವೆಲ್ಲ ನಂಬಿದ್ದೇವೆ. ಆದರೆ ಬೆಳಗಿನ ಓರೆ ಬಿಸಿಲಲ್ಲಿ ಯುವಿ-ಬಿ ತೀರಾ ಕಡಿಮೆ. ಹನ್ನೊಂದರಿಂದ ಎರಡರೊಳಗೆ ಒಂದು ಗಂಟೆ ನೇರ ಬಿಸಿಲಿಗಿಡಿ. ಗಾಜಿನ ಕಿಟಕಿಯ ಹಿಂದೆ ಇಟ್ಟರೆ ಅಣಬೆ ಒಣಗೀತು, ವಿಟಮಿನ್ ಹುಟ್ಟದು. ಆಮೇಲೆ ತೆಳುಬಟ್ಟೆ ಮುಚ್ಚಿ, ಮುರಿದರೆ ಟಕ್ಕೆನ್ನುವವರೆಗೆ ಒಣಗಿಸಿ. ಸುಮಾರು 20 ಗ್ರಾಂ ಉಳಿಯುತ್ತದೆ. ಮಿಕ್ಸಿಯಲ್ಲಿ ಪುಡಿಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿಡಿ.

ದಿನಕ್ಕೊಂದು ಟೀ ಚಮಚ ಸಾಕು. ಈ ಪುಡಿಯನ್ನು ಹಸಿಯಾಗಿ ಬಾಯಿಗೆ ಹಾಕಿಕೊಳ್ಳಬೇಡಿ. ಹಸಿ ಚಿಪ್ಪು ಅಣಬೆಯಲ್ಲಿ ರಕ್ತಕಣ ಒಡೆಯಬಲ್ಲ ಪ್ರೋಟೀನ್ ಇದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಹಾಗಾಗಿ ಕುದಿಯುವ ಸಾರಿಗೋ ಹುಳಿಗೋ ಹಾಕಿ ಚೆನ್ನಾಗಿ ಕುದಿಸಿ. ವಿಟಮಿನ್ ಡಿ ಕರಗುವುದು ಕೊಬ್ಬಿನಲ್ಲಿ, ಅದಕ್ಕೆ ತುಪ್ಪದ ಒಗ್ಗರಣೆ ಇರಲಿ. ಜೊತೆಗೆ ಬೀಟಾ-ಗ್ಲೂಕನ್‌ನಂಥ ನಾರಿನಂಶ, ಎರ್ಗೋಥಿಯೋನೀನ್ ಎಂಬ ಆಂಟಿಆಕ್ಸಿಡೆಂಟ್ ಸಿಗುತ್ತವೆ. ಕ್ಯಾನ್ಸರ್ ವಾಸಿಮಾಡುತ್ತದೆ ಎಂದು ಅಂಗಡಿಯ ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ನಂಬಬೇಡಿ.

ರಕ್ತಪರೀಕ್ಷೆಯಲ್ಲಿ ಡಿ ಕೊರತೆ ಕಂಡು ವೈದ್ಯರು ಮಾತ್ರೆ ಬರೆದಿದ್ದರೆ ದಯವಿಟ್ಟು ಅದನ್ನು ಬಿಡಬೇಡಿ. ರಕ್ತದಲ್ಲಿ ಡಿ ಮಟ್ಟ ಉಳಿಸುವುದರಲ್ಲಿ ಅಣಬೆಯ ಡಿ2 ಸಾಮಾನ್ಯವಾಗಿ ಹೆಚ್ಚಿನ ಮಾತ್ರೆಗಳಲ್ಲಿರುವ ಡಿ3ಯಷ್ಟು ಗಟ್ಟಿಯಲ್ಲ. ನಿಮ್ಮ ಪುಡಿಯಲ್ಲಿ ಎಷ್ಟಿದೆಯೆಂದು ಮನೆಯಲ್ಲಿ ಅಳೆಯುವ ದಾರಿಯೂ ಇಲ್ಲ. ಯೂರಿಕ್ ಆಮ್ಲ ಹೆಚ್ಚಿದ್ದು ಕೀಲು ಊದುವವರು, ಅಂಗಕಸಿ ಮಾಡಿಸಿಕೊಂಡವರು, ಬಸುರಿಯರು ವೈದ್ಯರನ್ನು ಕೇಳಿಯೇ ಶುರುಮಾಡಲಿ. ಮೊದಲ ಸಲ ಚಿಟಿಕೆಯಷ್ಟೇ ತಿನ್ನಿ. ತುರಿಕೆ, ಉಬ್ಬಸ ಕಂಡರೆ ನಿಲ್ಲಿಸಿ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಗುಡುಗಿದ ಮೇಲೆ ಬಯಲಲ್ಲಿ ಎದ್ದ ಅಣಬೆಯನ್ನು ಈ ಪುಡಿಗೆ ಬಳಸಲೇಬೇಡಿ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುವುದು ಸುಳ್ಳು. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಇವುಗಳಿಂದ ವಾಂತಿ-ಭೇದಿ ಶುರುವಾಗುವುದು ಸಾಮಾನ್ಯವಾಗಿ ತಿಂದು 6ರಿಂದ 12 ಗಂಟೆಯ ನಂತರ. ಅಷ್ಟರಲ್ಲಿ ವಿಷ ಯಕೃತ್ತಿಗೆ ಇಳಿದಿರುತ್ತದೆ.