ಹಳೇ 16550, ಹೊಸ ಬೋರ್ಡ್: ಸೀರಿಯಲ್ ಡ್ರೈವರ್ ಹೊಂದಿಸಿದ ನನ್ನ ಅನುಭವ

ಝಿಂಕ್ 7000 ಚಿಪ್ ಇರುವ ನಮ್ಮ ಬೋರ್ಡಿನಿಂದ ಕರೆಂಟ್ ಮೀಟರುಗಳನ್ನು ಓದಬೇಕಿತ್ತು. ಮೀಟರುಗಳು ಆರ್‌ಎಸ್‌-485 ತಂತಿಯ ಮೇಲೆ ಮಾಡ್‌ಬಸ್‌ನಲ್ಲಿ (ಯಂತ್ರಗಳು ಪ್ರಶ್ನೆ-ಉತ್ತರದ ರೀತಿ ಮಾತಾಡುವ ನಿಯಮ) ಮಾತಾಡುತ್ತವೆ. ಚಿಪ್ಪಿನಲ್ಲಿರುವ ಎರಡು ಸೀರಿಯಲ್ ಪೋರ್ಟುಗಳಲ್ಲಿ ಒಂದು ಕನ್ಸೋಲಿಗೆ, ಇನ್ನೊಂದು ಮೋಡೆಮ್ಮಿಗೆ ಹೋಗಿತ್ತು. ಅದೇ ಚಿಪ್ಪಿನ ಎಫ್‌ಪಿಜಿಎ (ನಮಗೆ ಬೇಕಾದ ಸರ್ಕ್ಯೂಟ್ ತುಂಬಿಕೊಳ್ಳಬಹುದಾದ) ಭಾಗದಲ್ಲಿ ಜಾಗ ಇತ್ತು, ಅಲ್ಲೊಂದು 16550 ಕೋರ್, ಅಂದರೆ ಹಳೇ ಸೀರಿಯಲ್ ಚಿಪ್ಪಿನಂತೆ ಕೆಲಸ ಮಾಡುವ ಸರ್ಕ್ಯೂಟ್, ಹಾಕಿದೆವು.

"ಸರ್, ಇದಕ್ಕೆ ಹೊಸ ಡ್ರೈವರ್ ಬರೀಬೇಕಾ?" ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ಕೇಳಿದಳು.

"ಬೇಡಮ್ಮ. ಮೊದಲು ಇರೋದನ್ನ ಓದು."

1981ರ ಐಬಿಎಂ ಪಿಸಿಯಲ್ಲಿದ್ದ 8250 ಚಿಪ್ಪಿನ ವಂಶ ಇನ್ನೂ ಮುಗಿದಿಲ್ಲ. 16550 ಅಂದರೆ ಅದಕ್ಕೇ 16 ಬೈಟಿನ ಫೈಫೋ (ಬೈಟ್‌ಗಳು ಸರದಿಯಲ್ಲಿ ಕಾಯುವ ಜಾಗ) ಸೇರಿಸಿದ್ದು. ಲಿನಕ್ಸ್‌ನಲ್ಲಿ ಇವಕ್ಕೆಲ್ಲ ಸೇರಿ ಒಂದೇ ಮೂಲ ಡ್ರೈವರ್. ಬೋರ್ಡಿನಿಂದ ಬೋರ್ಡಿಗೆ ಬದಲಾಗುವುದು ಮುಖ್ಯವಾಗಿ ನಾಲ್ಕು ಸಂಗತಿ: ರಿಜಿಸ್ಟರುಗಳು (ಚಿಪ್ಪನ್ನು ನಿಯಂತ್ರಿಸುವ ಪುಟ್ಟ ಖಾನೆಗಳು) ಎಲ್ಲಿ ಶುರುವಾಗುತ್ತವೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ಅಂತರ, ಒಂದು ಸಲಕ್ಕೆ ಎಷ್ಟು ಬೈಟ್ ಓದಬೇಕು, ಕ್ಲಾಕ್ ಎಷ್ಟು. ಇದನ್ನೆಲ್ಲ ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಅಂತ ಲಿನಕ್ಸ್‌ಗೆ ಹೇಳುವ ಕಡತ) ಬರೆದು ಕೊಟ್ಟರೆ ಡ್ರೈವರ್ ತಾನೇ ಅರ್ಥ ಮಾಡಿಕೊಳ್ಳುತ್ತದೆ. ನಮ್ಮ ಕೋರಿನಲ್ಲಿ ಮೊದಲ ರಿಜಿಸ್ಟರ್ ಮೂಲ ವಿಳಾಸದಿಂದ ಹೆಕ್ಸ್ 1000 ದೂರದಲ್ಲಿದೆ. ಆಮೇಲೆ ನಾಲ್ಕು ಬೈಟಿಗೊಂದು. ಹಾಗಾಗಿ ರೆಗ್-ಆಫ್‌ಸೆಟ್ ಹೆಕ್ಸ್ 1000, ರೆಗ್-ಶಿಫ್ಟ್ 2 (2ರ ಘಾತ 2 ಅಂದರೆ 4). ಓದುವ ಅಗಲ 4 ಬೈಟ್ ಅಂತ ಕೊಟ್ಟೆ. ಕೆಲವು ಬಸ್‌ಗಳು ಒಂದೊಂದೇ ಬೈಟ್ ಕೇಳಿದರೆ ಒಪ್ಪುವುದಿಲ್ಲ, ಕರ್ನಲ್ (ಲಿನಕ್ಸ್‌ನ ತಿರುಳು) ಅಲ್ಲೇ ಅಬಾರ್ಟ್ ಆಗಿ ಬಿದ್ದುಬಿಡುತ್ತದೆ.

ಕರ್ನಲ್ಲಿಗೆ ಕೈ ಹಾಕುವ ಮುಂಚೆ ಯು-ಬೂಟ್‌ನಲ್ಲೇ (ಲಿನಕ್ಸ್‌ಗಿಂತ ಮೊದಲು ಓಡುವ ಬೂಟ್ ಪ್ರೋಗ್ರಾಂ) ಒಂದು ಪರೀಕ್ಷೆ ಮಾಡುವುದು ನನ್ನ ಅಭ್ಯಾಸ. ಮೆಮೊರಿಗೆ ನೇರ ಬರೆಯುವ ಕಮಾಂಡ್ ಅಲ್ಲಿದೆ. ಎಲ್‌ಸಿಆರ್ (ತಂತಿಯ ಹೊಂದಾಣಿಕೆಯ) ರಿಜಿಸ್ಟರಿಗೆ ಹೆಕ್ಸ್ 80 ಬರೆದರೆ ಡಿವೈಸರ್, ಅಂದರೆ ವೇಗ ನಿರ್ಧರಿಸುವ ಭಾಜಕದ, ಬಾಗಿಲು ತೆರೆಯುತ್ತದೆ. ನಮ್ಮ ಕ್ಲಾಕ್ 100 ಮೆಗಾಹರ್ಟ್ಸ್, ಬೇಕಾದ ವೇಗ 9600. ಕ್ಲಾಕನ್ನು 16ರಿಂದಲೂ 9600ರಿಂದಲೂ ಭಾಗಿಸಿದರೆ 651.04 ಬರುತ್ತದೆ. 651 ಹಾಕಿ, ಎಲ್‌ಸಿಆರ್‌ಗೆ 3 ಬರೆದು ಬಾಗಿಲು ಮುಚ್ಚಿ, ಹೆಕ್ಸ್ 55 ಕಳಿಸಿದೆ. 55 ಯಾಕೆ ಅಂದರೆ ಅದರ ಬಿಟ್‌ಗಳು ಒಂದು ಬಿಟ್ಟು ಒಂದು. ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿದಾಗ ತಂತಿಯ ಮೇಲೆ ಮುದ್ದಾದ ಚೌಕದ ಅಲೆ ಬರುತ್ತದೆ. ಲಾಜಿಕ್ ಅನಲೈಸರಿನಲ್ಲಿ (ತಂತಿಯ ಸಂಕೇತ ತೋರಿಸುವ ಉಪಕರಣ) ಒಂದು ಬಿಟ್ಟಿನ ಅಗಲ 104 ಮೈಕ್ರೋಸೆಕೆಂಡ್ ಕಂಡರೆ ವಿಳಾಸ, ಅಂತರ, ಕ್ಲಾಕ್ ಮೂರೂ ಸರಿ ಅಂತ ಅರ್ಥ. ಕಂಡಿತು. ಕನ್ಸೋಲಿನಲ್ಲಿ ಚಿತ್ರವಿಚಿತ್ರ ಅಕ್ಷರ ನೋಡುತ್ತಾ ತಲೆ ಕೆಡಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ?

ಇಂಟರಪ್ಟ್ (ಗಮನ ಕೊಡು ಅಂತ ಪ್ರೊಸೆಸರಿಗೆ ಬರುವ ಸೂಚನೆ) ಸಂಖ್ಯೆ ಮಾತ್ರ ಹೊಸಬರನ್ನು ಸುಮ್ನೆ ಸುತ್ತಾಡಿಸುತ್ತದೆ. ಎಫ್‌ಪಿಜಿಎಯಿಂದ ಬರುವ ಮೊದಲ ಇಂಟರಪ್ಟ್‌ಗೆ ಚಿಪ್ಪಿನ ಮ್ಯಾನ್ಯುಯಲ್‌ನಲ್ಲಿ 61 ಅಂತಿದೆ. ಡಿವೈಸ್ ಟ್ರೀಯಲ್ಲಿ ಬರೆಯಬೇಕಾದ್ದು 29. ಮೊದಲ 32 ಸಂಖ್ಯೆಗಳು ಪ್ರೊಸೆಸರಿನ ಸ್ವಂತ ಬಳಕೆಗೆ ಮೀಸಲು, ಅದನ್ನು ಕಳೆಯಬೇಕು. ಡೇಟಾ ಕಳಿಸುವಾಗ ಪ್ರಾಕ್ ಕೆಳಗಿನ ಇಂಟರಪ್ಟ್ಸ್ ಫೈಲಿನಲ್ಲಿ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ಮೊದಲು ಇದನ್ನೇ ನೋಡಿ.

ಇಷ್ಟಾದ ಮೇಲೆ ಪೋರ್ಟ್ ಬಂತು, ಬೈಟ್‌ಗಳೂ ಹೋದವು. ಮೀಟರ್ ಮಾತ್ರ ಉತ್ತರ ಕೊಡಲಿಲ್ಲ. ನಿಜವಾದ ಕೆಲಸ ಇಲ್ಲಿಂದ ಶುರು.

ಆರ್‌ಎಸ್‌-485ರಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ ಅದೇ ಒಂದು ಜೋಡಿ ತಂತಿ. ನಾವು ಮಾತಾಡುವಾಗ ಟ್ರಾನ್ಸೀವರಿನ (ತಂತಿಗೆ ಸಂಕೇತ ಕಳಿಸಿ ಪಡೆಯುವ ಚಿಪ್) ಡಿಇ ಪಿನ್, ಅಂದರೆ ಕಳಿಸಲು ಅನುಮತಿ ಕೊಡುವ ಪಿನ್, ಮೇಲಿರಬೇಕು, ಮುಗಿದ ಕೂಡಲೇ ಇಳಿಯಬೇಕು. 8250 ಡ್ರೈವರ್ ಆರ್‌ಟಿಎಸ್ (ಕಳಿಸಲು ಕೋರುವ) ಪಿನ್ ಬಳಸಿ ಇದನ್ನು ತಾನೇ ಮಾಡಬಲ್ಲದು. ಆ ಪಿನ್ ಉಲ್ಟಾ, ಅಂದರೆ ಚಾಲೂ ಇದ್ದಾಗ ಕೆಳಗಿರುತ್ತದೆ. ಅದಕ್ಕೆ ಎಫ್‌ಪಿಜಿಎಯಲ್ಲೇ ಒಂದು ಇನ್ವರ್ಟರ್ ಹಾಕಿಸಿದೆ, ಒಂದೇ ಸಾಲಿನ ಕೆಲಸ. ಅನಲೈಸರಿನ ಎರಡನೇ ಚಾನೆಲ್ಲನ್ನು ಡಿಇಗೆ ಸಿಕ್ಕಿಸಿ ನೋಡಿದರೆ ಡಿಇ ಮೇಲೇರಿತು, ಮಾಡ್‌ಬಸ್ ಕೋರಿಕೆಯ ಎಂಟು ಬೈಟ್ ಹೋಯಿತು, ಡಿಇ ಇಳಿಯಲೇ ಇಲ್ಲ. ಮೀಟರ್ ಪಾಪ ಉತ್ತರ ಕೊಡುತ್ತಿತ್ತು. ನಮ್ಮ ಕಡೆಯವರೇ ತಂತಿ ಹಿಡಿದು ಕೂತಿದ್ದರು.

ಕಾರಣ 16550ರ ಸ್ವಭಾವದಲ್ಲೇ ಇದೆ. ಅದರ ಸ್ಥಿತಿ ರಿಜಿಸ್ಟರಿನಲ್ಲಿ ಎರಡು ಬೇರೆ ಬಿಟ್‌ಗಳಿವೆ. ಟಿಎಚ್‌ಆರ್‌ಇ ಅಂದರೆ ಫೈಫೋ ಖಾಲಿ. ಟೆಮ್ಟ್ ಅಂದರೆ ಬಿಟ್‌ಗಳನ್ನು ಒಂದೊಂದಾಗಿ ತಂತಿಗೆ ಬಿಡುವ ಶಿಫ್ಟ್ ರಿಜಿಸ್ಟರೂ ಖಾಲಿ, ಕೊನೆಯ ಬಿಟ್ ತಂತಿಗೆ ಹೋಗಿ ಆಯಿತು. ಬಸ್ ಸ್ಟಾಪ್ ಖಾಲಿಯಾದ ಮಾತ್ರಕ್ಕೆ ಜನ ಊರು ಮುಟ್ಟಿದರು ಅಂತಲ್ಲವಲ್ಲ. ತೊಂದರೆ ಏನಪ್ಪಾ ಅಂದರೆ, ಇಂಟರಪ್ಟ್ ಬರುವುದು ಮೊದಲನೆಯದಕ್ಕೆ ಮಾತ್ರ. ಟೆಮ್ಟ್‌ಗೆ ಇಂಟರಪ್ಟ್ ಇಲ್ಲ. ನಮ್ಮಲ್ಲಿದ್ದ ಹಳೇ ಕರ್ನಲ್ಲಿನ ಕೋಡ್ ಎರಡೂ ಬಿಟ್ ಬಂದಿವೆಯಾ ಅಂತ ನೋಡುತ್ತದೆ, ಇಲ್ಲ ಅಂದರೆ ಸುಮ್ಮನೆ ವಾಪಸ್ ಹೋಗುತ್ತದೆ, ಮತ್ತೊಂದು ಇಂಟರಪ್ಟ್ ಬರುತ್ತದೆ ಅನ್ನುವ ನಂಬಿಕೆಯಲ್ಲಿ. ಅದು ಬರುವುದೇ ಇಲ್ಲ.

ಟಿಎಚ್‌ಆರ್‌ಇ ಬಂದ ತಕ್ಷಣ ಡಿಇ ಇಳಿಸಿಬಿಡಿ ಅನ್ನುವ ಸಲಹೆ ಕೆಲವರು ಕೊಡುತ್ತಾರೆ. ದಯವಿಟ್ಟು ಬೇಡ. ಕೊನೆಯ ಬೈಟ್ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಮಾಡ್‌ಬಸ್ ಕೋರಿಕೆಯ ಕೊನೆಯ ಎರಡು ಬೈಟ್ ಸಿಆರ್‌ಸಿ, ಅಂದರೆ ತಪ್ಪು ಹಿಡಿಯುವ ತಾಳೆಯ ಸಂಖ್ಯೆ. ಅದು ತಾಳೆಯಾಗದಿದ್ದರೆ ಮೀಟರ್ ಉಸಿರೇ ಎತ್ತುವುದಿಲ್ಲ, ಎರರ್ ಕೂಡ ಕಳಿಸುವುದಿಲ್ಲ. ಇಂಟರಪ್ಟ್ ಒಳಗೇ ಟೆಮ್ಟ್ ಬರುವವರೆಗೆ ಕಾಯುವುದೂ ಸರಿಯಲ್ಲ. 9600ರಲ್ಲಿ ಒಂದು ಬೈಟಿಗೆ ಒಂದು ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ಇಂಟರಪ್ಟ್ ಮಟ್ಟಿಗೆ ಅದು ಒಂದು ಯುಗ.

ಸರಿಯಾದ ದಾರಿ ಟೈಮರ್. ಮುಖ್ಯ ಕರ್ನಲ್‌ಗೆ 2022ರಲ್ಲಿ ಇದೇ ಸೇರಿದೆ. ಟೆಮ್ಟ್ ಇಂಟರಪ್ಟ್ ಇಲ್ಲದ ಪೋರ್ಟ್‌ಗಳಿಗೆ ಒಂದು ಗುರುತಿದೆ, ಕ್ಯಾಪ್ ನೋಟೆಮ್ಟ್ ಅಂತ. ಅದನ್ನು ಹಚ್ಚಿದರೆ ಫೈಫೋ ಖಾಲಿಯಾದಾಗ ಡ್ರೈವರ್ ಒಂದು ಬೈಟಿನ ಹೊತ್ತು, ಜೊತೆಗೆ ಅದರ ಏಳನೇ ಒಂದು ಭಾಗ, ಲೆಕ್ಕ ಹಾಕಿ ಟೈಮರ್ ಇಟ್ಟು ಆಮೇಲೆ ಡಿಇ ಇಳಿಸುತ್ತದೆ. ನಾನು ಆ ಪ್ಯಾಚನ್ನು ನಮ್ಮ ಹಳೇ ಕರ್ನಲ್ಲಿಗೆ ತಂದೆ. ಆಗ ನೋಡಬೇಕಾದ್ದು ಒಂದಿತ್ತು: ಬೈಟಿನ ಹೊತ್ತು ವೇಗ ಬದಲಾದಾಗಲೆಲ್ಲ ಹೊಸದಾಗಿ ಲೆಕ್ಕ ಆಗಬೇಕು. ನಮ್ಮ ಕರ್ನಲ್ ಅದನ್ನು ಬೇರೆ ಅಳತೆಯಲ್ಲಿ ಇಟ್ಟುಕೊಂಡಿತ್ತು, ನ್ಯಾನೋಸೆಕೆಂಡಿಗೆ ತಿರುಗಿಸಬೇಕಾಯಿತು. ಗುರುತು ಹಚ್ಚುವ ಸಾಲನ್ನು ನಮ್ಮ ಕೋರಿನ ಹೆಸರಿಗೆ ಮಾತ್ರ ಕಟ್ಟಿದೆ. ಬೇರೆ 16550ಗಳ ಮೇಲೆ ಅದರ ನೆರಳೂ ಬೀಳಬಾರದು.

ಎಸ್‌ಪಿ ರೋಡಿನಿಂದ ತಂದ ಅಗ್ಗದ ಯುಎಸ್‌ಬಿ ಅಡಾಪ್ಟರನ್ನು ತಂತಿಗೆ ಸೇರಿಸಿ ಲ್ಯಾಪ್‌ಟಾಪಿನಲ್ಲಿ ಕದ್ದು ಕೇಳುತ್ತಾ ಬೇರೆ ಬೇರೆ ವೇಗಗಳಲ್ಲಿ ಓಡಿಸಿದೆವು. 9600ರಲ್ಲಿ ಡಿಇ ಸ್ಟಾಪ್ ಬಿಟ್ ಮುಗಿದ ಮೇಲೇ ಇಳಿಯಿತು. ಮಾಡ್‌ಬಸ್ ಪ್ರಕಾರ ಮೀಟರ್ ಮೂರೂವರೆ ಅಕ್ಷರದ ಹೊತ್ತು ಸುಮ್ಮನಿರಬೇಕು, ಅಂದರೆ ಸುಮಾರು ನಾಲ್ಕು ಮಿಲಿಸೆಕೆಂಡ್. ಅಷ್ಟರೊಳಗೆ ತಂತಿ ಆರಾಮಾಗಿ ಖಾಲಿ. ಈಗ ಬೋರ್ಡ್ 6.1 ಕರ್ನಲ್ಲಿಗೆ ಹೋಗಿದೆ. ತಂದ ಪ್ಯಾಚನ್ನು ಕಿತ್ತು ಹಾಕಿದೆವು, ಗುರುತು ಹಚ್ಚುವ ಆ ಸಾಲು ಮಾತ್ರ ಉಳಿದಿದೆ.